ಹುಲಿಪಟ್ಟೆ ಕೆಟ್ಟರೆ ಕೈಯನ್ನು ದೂರಬೇಡಿ: ಟಿಪ್ಪುವಿನ ಕಾಲಾಳುಗಳಿಗೆ ಬಣ್ಣ ಹಚ್ಚುವವರ ದೋಷ ನಿವಾರಣೆ ಕೈಪಿಡಿ

ಟಿಪ್ಪು ಸುಲ್ತಾನನ ಕಾಲಾಳುಗಳ ಕಿರುಗೊಂಬೆಗಳಿಗೆ ಬಣ್ಣ ಹಚ್ಚುವವರು ನೇರಳೆ ಅಂಗಿಯವರೆಗೆ ಸಲೀಸಾಗಿ ಬರುತ್ತಾರೆ. ಅದರ ಮೇಲೆ ಬಿಳಿಯ ಹುಲಿಪಟ್ಟೆ ಬರೆಯುವ ಸರದಿ ಬಂದಾಗ ಗೊಂಬೆ ಕಪಾಟು ಸೇರುತ್ತದೆ. ಏಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಕೈ ನಡುಗುತ್ತದೆ. ಕೈ ನಡುಗಿದರೆ ಗೆರೆ ಸೊಟ್ಟಗಾಗುತ್ತದೆ, ಅಷ್ಟೇ. ಹುಲಿಯ ಪಟ್ಟೆ ಹುಟ್ಟಿನಿಂದಲೇ ಸೊಟ್ಟ; ಅಲ್ಲಿ ಅದು ದೋಷವೇ ಅಲ್ಲ. ಉಳಿದ ತೊಂದರೆಗಳಿವೆಯಲ್ಲ, ಗೆರೆ ಹರಡುವುದು, ಬಿಳಿ ಪುಡಿಪುಡಿಯಾಗಿ ಕೂರುವುದು, ಬಣ್ಣ ಬ್ರಷ್‌ನಿಂದ ಇಳಿಯದಿರುವುದು, ಅಡಿಯ ನೇರಳೆ ಎದ್ದು ಬಿಳಿಯನ್ನು ಕೆಡಿಸುವುದು, ಇವು ಯಾವುವೂ ಕೈಯಿಂದ ಹುಟ್ಟುವುದಿಲ್ಲ. ಪಟ್ಟೆಯ ಅಡಿಯಲ್ಲಿರುವ ಪದರ, ಬಣ್ಣದಲ್ಲಿ ಬೆರೆಸಿದ ನೀರು, ಕೆಲಸದ ಹಿಂದುಮುಂದು, ಈ ಮೂರರಲ್ಲಿ ಒಂದು ಕಡೆ ಕಾರಣ ಇರುತ್ತದೆ. ಆದ್ದರಿಂದ ಕೈಯ ಮೇಲಿನ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳಿ.

ಇಲ್ಲಿ ಹೇಳುವುದೆಲ್ಲ 28 ಮಿ.ಮೀ. ಎತ್ತರದ ಲೋಹ ಮತ್ತು ಪ್ಲಾಸ್ಟಿಕ್ ಗೊಂಬೆಗಳಿಗೆ, ನೀರಿನಲ್ಲಿ ಕರಗಿಸಿ ಬಳಸುವ ಅಕ್ರಿಲಿಕ್ ಬಣ್ಣಗಳಿಗೆ ಸಂಬಂಧಿಸಿದ್ದು. ಎಣ್ಣೆ ಆಧಾರದ ಎನಾಮೆಲ್ ಬಣ್ಣ ಬಳಸುವವರಿಗೆ ಅರ್ಧ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಸರಿಯಾದ ಪಟ್ಟೆ ಹೇಗಿರಬೇಕು

ಟಿಪ್ಪುವಿನ ಕಾಯಂ ಪದಾತಿಯ ಉಡುಪನ್ನು ಆ ಕಾಲದ ಇಂಗ್ಲಿಷ್ ವಿವರಣೆಯೊಂದು ಸ್ಪಷ್ಟವಾಗಿ ಕೊಡುತ್ತದೆ: ನೇರಳೆ ಬಟ್ಟೆಯ ಅಂಗಿ, ಅದರ ಮೇಲೆ ವಜ್ರಾಕಾರದ ಬಿಳಿ ಮಚ್ಚೆಗಳು, ತಲೆಗೆ ಕೆಂಪು ಮಸ್ಲಿನ್ ಮುಂಡಾಸು, ಸೊಂಟಕ್ಕೆ ಅದೇ ಬಣ್ಣದ ನಡುಕಟ್ಟು, ಎದೆಯ ಮೇಲೆ ಅಡ್ಡಹಾಯ್ದ ಕಪ್ಪು ಚರ್ಮದ ಪಟ್ಟಿಗಳು. ಕಾಲು ಬರಿದು, ಪಾದಕ್ಕೆ ಚಪ್ಪಲಿಯಂಥ ಮೆಟ್ಟು. ಕೈಯಲ್ಲಿ ಬಹುಮಟ್ಟಿಗೆ ಫ್ರೆಂಚ್ ಬಂದೂಕು.

ಅಂದರೆ ಇದು ಬೆನ್ನಿನಿಂದ ಹೊಟ್ಟೆಯವರೆಗೆ ಓಡುವ ಉದ್ದ ಪಟ್ಟೆಯಲ್ಲ. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿದ ಗಿಡ್ಡ ಮಚ್ಚೆ. ಟಿಪ್ಪುವಿನ ಆಯುಧ, ಬಾವುಟ, ಬಟ್ಟೆಗಳ ಮೇಲೆಲ್ಲ ಕಾಣುವ ಈ ಗುರುತನ್ನು ಬಬ್ರಿ ಎನ್ನುತ್ತಾರೆ. ಅದರ ಸಾಲುಗಳು ಹೇಗೆ ಹೆಣೆದುಕೊಳ್ಳುತ್ತವೆ ಎಂದು ಕಣ್ಣಿಗೆ ರೂಢಿಯಾಗಬೇಕಾದರೆ ಶ್ರೀರಂಗಪಟ್ಟಣದ ಗುಂಬಜಿನ ಒಳಗೆ ಹೋಗಿ ನಿಲ್ಲಬೇಕು. ಹೈದರಾಲಿ ಮತ್ತು ಟಿಪ್ಪು ಇಬ್ಬರ ಸಮಾಧಿಯೂ ಇರುವ ಆ ಕೋಣೆಯ ಗೋಡೆಗಳ ಮೇಲೆ ಹುಲಿಪಟ್ಟೆಯನ್ನೇ ಬರೆದಿದ್ದಾರೆ. ನೆಟ್ಟಗೆ ನಿಂತು ಒಂದು ಚದರಡಿಯನ್ನು ಮಾತ್ರ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಹತ್ತು ಫೋಟೋಗಳಿಗಿಂತ ಅದು ಹೆಚ್ಚು ಕಲಿಸುತ್ತದೆ.

ಇನ್ನು ಅಳತೆ. 28 ಮಿ.ಮೀ. ಗೊಂಬೆ ಸುಮಾರು 1/60 ಪ್ರಮಾಣದ್ದು. ನಿಜವಾದ ಅಂಗಿಯ ಮೇಲಿನ ಮಚ್ಚೆ 6 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲ ಇತ್ತೆಂದು ಇಟ್ಟುಕೊಳ್ಳಿ. ಗೊಂಬೆಯ ಮೇಲೆ ಅದು 1 ಮಿ.ಮೀ. ಉದ್ದ, ಕಾಲು ಮಿ.ಮೀ. ಅಗಲಕ್ಕೆ ಇಳಿಯುತ್ತದೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಪಟ್ಟೆ ಕೆಟ್ಟ ಕೂಡಲೇ ಹೊಸ ಬ್ರಷ್ ಕೊಳ್ಳಲು ಓಡುವುದು ನಮ್ಮ ಹವ್ಯಾಸದ ಹಳೆಯ ರೋಗ. ಅದಕ್ಕೆ ಮೊದಲು ಕಾಸಿಲ್ಲದ ನಾಲ್ಕು ಪರೀಕ್ಷೆಗಳನ್ನು ಮಾಡಿ.

ಉಗುರಿನ ಪರೀಕ್ಷೆ: ಗೊಂಬೆಯ ಮೇಲೆ ಬರೆದ ಅದೇ ಬ್ರಷ್, ಅದೇ ಬಣ್ಣದಿಂದ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಮಚ್ಚೆ ಬರೆಯಿರಿ. ಉಗುರಿನ ಮೇಲೆ ಚೂಪಾಗಿ ಬಂದು ಗೊಂಬೆಯ ಮೇಲೆ ಕೆಟ್ಟರೆ ದೋಷ ಗೊಂಬೆಯ ಮೇಲ್ಮೈಯಲ್ಲಿದೆ. ಎರಡೂ ಕಡೆ ಕೆಟ್ಟರೆ ಬಣ್ಣದಲ್ಲೋ ಬ್ರಷ್‌ನಲ್ಲೋ ಇದೆ. ಬ್ರಷ್ ಬದಲಿಸಿ ಮತ್ತೊಮ್ಮೆ ಬರೆದರೆ ಯಾವುದೆಂದು ಗೊತ್ತಾಗುತ್ತದೆ. ಎಲ್ಲ ತನಿಖೆಯೂ ಇಲ್ಲಿಂದಲೇ ಶುರುವಾಗಬೇಕು.

ನೀರಹನಿಯ ಪರೀಕ್ಷೆ: ಒಣಗಿದ ನೇರಳೆಯ ಮೇಲೆ ಶುದ್ಧ ನೀರಿನ ಒಂದು ಹನಿ ಇಡಿ. ಮುತ್ತಿನಂತೆ ಗುಂಡಗೆ ನಿಂತರೆ ಮೇಲ್ಮೈ ಜಿಡ್ಡಾಗಿದೆ ಅಥವಾ ತೀರಾ ನುಣುಪಾಗಿದೆ. ಕ್ಷಣದಲ್ಲಿ ಇಂಗಿ ಸುತ್ತ ಕಪ್ಪಗೆ ಹಬ್ಬಿದರೆ ಮೇಲ್ಮೈ ರಂಧ್ರಮಯ. ಸ್ವಲ್ಪ ಹರಡಿ ಅಲ್ಲಿಯೇ ನಿಂತರೆ ಪಟ್ಟೆಗೆ ತಕ್ಕ ನೆಲ.

ಒದ್ದೆ ಹತ್ತಿಯ ಪರೀಕ್ಷೆ: ಕಾಟನ್ ಬಡ್ ಒದ್ದೆ ಮಾಡಿ, ಹಿಂಡಿ, ಅಂಗಿಯ ಹಿಂಬದಿಯಲ್ಲಿ ನಾಲ್ಕು ಸಲ ತಿಕ್ಕಿ. ಹತ್ತಿಗೆ ನೇರಳೆ ಹತ್ತಿದರೆ ಅಡಿಪದರ ಇನ್ನೂ ಗಟ್ಟಿಯಾಗಿಲ್ಲ, ಅಥವಾ ಎಂದಿಗೂ ಗಟ್ಟಿಯಾಗುವ ಜಾತಿಯದ್ದಲ್ಲ.

ಓರೆ ಬೆಳಕಿನ ಪರೀಕ್ಷೆ: ಕೋಣೆಯ ದೀಪ ಆರಿಸಿ, ಟೇಬಲ್ ಲ್ಯಾಂಪಿನ ಬೆಳಕು ಅಂಗಿಗೆ ಪಕ್ಕದಿಂದ ತಾಗುವಂತೆ ಹಿಡಿದು ಭೂತಗನ್ನಡಿಯಿಂದ ನೋಡಿ. ಮೇಲಿನಿಂದ ನುಣ್ಣಗೆ ಕಂಡ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಲೇಪ) ಹೀಗೆ ನೋಡಿದಾಗ ಮರಳುಕಾಗದವಾಗಿರುವುದುಂಟು.

ಪಟ್ಟೆಯ ಅಂಚು ಹರಡಿ ಕೂದಲೆಳೆ ಹೊರಡುತ್ತದೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದುವ ದೋಷವೂ ಹೌದು. ಮಂಡಿಯೂರಿ ಬಂದೂಕು ಗುರಿಹಿಡಿದ ಒಬ್ಬ ಕಾಲಾಳನ್ನು ಎದುರಿಗಿಟ್ಟುಕೊಳ್ಳಿ. ಬಲತೋಳಿನ ಪಟ್ಟೆಗಳು ಚೂಪಾಗಿವೆ. ಎಡತೋಳಿನಲ್ಲಿ ಮೊಣಕೈಯಿಂದ ಕೆಳಗೆ ಪ್ರತಿ ಮಚ್ಚೆಯ ಅಂಚಿನಿಂದ ಸಣ್ಣ ಬಿಳಿ ಎಳೆಗಳು ಹೊರಟು, ಪಕ್ಕದ ಮಚ್ಚೆಯನ್ನು ಮುಟ್ಟಿವೆ. ಬರೆದ ಕೈ ಒಂದೇ, ಬಣ್ಣ ಒಂದೇ, ಹೊತ್ತೂ ಒಂದೇ. ಎಡತೋಳಿನ ಮೇಲೆ ನೀರಹನಿ ಇಟ್ಟರೆ ತಟ್ಟನೆ ಇಂಗುತ್ತದೆ. ಬಲತೋಳಿನ ಮೇಲೆ ನಿಲ್ಲುತ್ತದೆ. ಓರೆ ಬೆಳಕಿನಲ್ಲಿ ಎಡತೋಳು ಪೂರ್ತಿ ಒರಟು. ಪ್ರೈಮರ್ ಸ್ಪ್ರೇ ಮಾಡುವಾಗ ಆ ಬದಿಗೆ ಡಬ್ಬಿಯನ್ನು ದೂರದಿಂದ ಹಿಡಿಯಲಾಗಿತ್ತು. ಬಿಸಿಲಿನಲ್ಲಿ ದೂರದಿಂದ ಹೊಡೆದ ಪ್ರೈಮರ್ ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ, ಹುಡಿಯಾಗಿ ಬಂದು ಕೂರುತ್ತದೆ. ಅದರ ಮೇಲೆ ಎಷ್ಟು ನೇರಳೆ ಬಳಿದರೂ ಒರಟುತನ ಮುಚ್ಚಿಹೋಗುವುದಿಲ್ಲ. ನೀರಾದ ಬಿಳಿ ಆ ಸಂದುಗಳಲ್ಲಿ ತಾನೇ ತಾನಾಗಿ ಓಡುತ್ತದೆ.

ಪ್ರೈಮರ್ ಹಂತದಲ್ಲೇ ಗೊತ್ತಾದರೆ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ತಿಕ್ಕಿ ಹುಡಿ ಉದುರಿಸಬಹುದು. ಮುಂದಿನ ಸಲ 20ರಿಂದ 25 ಸೆಂ.ಮೀ. ದೂರದಿಂದ, ನೆರಳಿನಲ್ಲಿ, ಚಿಕ್ಕ ಚಿಕ್ಕ ಬೀಸುಗಳಲ್ಲಿ ಹೊಡೆಯಿರಿ. ನೇರಳೆಯನ್ನೂ ಬಳಿದಾಗಿದ್ದರೆ ಕೀಳುವ ಅಗತ್ಯವಿಲ್ಲ. ನೇರಳೆಯ ಮೇಲೆ ಅರೆಹೊಳಪಿನ ವಾರ್ನಿಷ್ ಒಂದು ತೆಳು ಪದರ ಹಚ್ಚಿ ಒಂದು ರಾತ್ರಿ ಬಿಡಿ. ರಂಧ್ರಗಳು ಮುಚ್ಚುತ್ತವೆ. ಇದಕ್ಕೆ ಇನ್ನೊಂದು ಲಾಭ ಇದೆ: ಅಂಥ ಪದರದ ಮೇಲೆ ತಪ್ಪಿದ ಪಟ್ಟೆಯನ್ನು ಒಣಗುವ ಮೊದಲು ಒದ್ದೆ ಬ್ರಷ್ಷಿನಿಂದ ಒರೆಸಿ ತೆಗೆಯಬಹುದು, ನೇರಳೆಗೆ ಏನೂ ಆಗುವುದಿಲ್ಲ. ಪೂರ್ತಿ ಹೊಳಪಿನ ವಾರ್ನಿಷ್ ಮಾತ್ರ ಬೇಡ. ಅದರ ಮೇಲೆ ನೀರು ಗುಂಡಗಾಗಿ, ಒಂದು ದೋಷ ಕಳೆದು ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ನೀರಹನಿ ಸರಿಯಾಗಿ ನಿಂತಿದ್ದೂ ಗೆರೆ ಹರಡಿದರೆ ಬಣ್ಣದಲ್ಲಿ ನೀರು ಹೆಚ್ಚಾಗಿದೆ. ಬ್ರಷ್‌ಗೆ ಬಣ್ಣ ತುಂಬಿಕೊಂಡ ಮೇಲೆ ಅದರ ಹೊಟ್ಟೆಯನ್ನು, ಅಂದರೆ ಕೂದಲಿನ ನಡುವಿನ ಉಬ್ಬನ್ನು, ಟಿಶ್ಯೂ ಕಾಗದಕ್ಕೆ ಒಮ್ಮೆ ಮುಟ್ಟಿಸುವ ಅಭ್ಯಾಸ ಇಲ್ಲದವರಿಗೆ ಇದು ತಪ್ಪದು. ತುದಿಯನ್ನಲ್ಲ, ಹೊಟ್ಟೆಯನ್ನು.

ಬಿಳಿ ಗುಂಡಗಾಗಿ ಜಾರುತ್ತದೆ, ಹಿಡಿಯುವುದೇ ಇಲ್ಲ

ಹಿಂದಿನದಕ್ಕೆ ಉಲ್ಟಾ. ಪ್ಲಾಸ್ಟಿಕ್ ಮತ್ತು ರೆಸಿನ್ ಗೊಂಬೆಗಳಲ್ಲಿ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ. ಪಾತ್ರೆ ತೊಳೆಯುವ ದ್ರವ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಮೊದಲೇ ತೊಳೆದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆದರೆ ಗುಡ್ಡೆಗಟ್ಟುವುದು ಬೆನ್ನಿನ ಮೇಲೆ, ಭುಜದ ಮೇಲೆ ಮಾತ್ರ ಎಂದಾದರೆ ಅಚ್ಚನ್ನು ಬೈಯಬೇಡಿ. ಅದು ನೀವು ಗೊಂಬೆಯನ್ನು ಹಿಡಿದುಕೊಂಡ ಜಾಗ, ಬೆರಳಿನ ಬೆವರು. ಗೊಂಬೆಯ ತಳವನ್ನು ಒಂದು ಹಳೆಯ ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಮುಚ್ಚಳವನ್ನೇ ಹಿಡಿದು ಕೆಲಸ ಮಾಡಿ. ಈಗಾಗಲೇ ಜಿಡ್ಡಾದ ಜಾಗವನ್ನು ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ, ಆಮೇಲೆ ಶುದ್ಧ ನೀರಿನಿಂದ ಒರೆಸಿ, ಒಣಗಿಸಿ ಮುಂದುವರಿಯಿರಿ.

ಬಿಳಿ ದಪ್ಪವಾಗಿ, ಪುಡಿಪುಡಿಯಾಗಿ ಕೂರುತ್ತದೆ

ಬಿಳಿ ಬಣ್ಣದ ಜೀವಾಳ ಟೈಟೇನಿಯಂ ಡೈಆಕ್ಸೈಡ್. ಕಣಗಳು ಭಾರ, ಬಾಟಲಿಯ ತಳಕ್ಕೆ ಇಳಿದು ಕೂರುತ್ತವೆ. ಅಲುಗಿಸದೆ ಮೇಲಿನ ದ್ರವವನ್ನು ತೆಗೆದರೆ ಅದರಲ್ಲಿ ಬಿಳಿಯೇ ಇರುವುದಿಲ್ಲ, ತಳದಿಂದ ತೆಗೆದರೆ ಗಂಜಿ. ಎರಡು ನಿಮಿಷ ಅಲುಗಿಸಿ. ಬಾಟಲಿಯೊಳಗೆ ಒಂದು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿಟ್ಟರೆ ಇನ್ನೂ ಒಳ್ಳೆಯದು, ಕಬ್ಬಿಣದ್ದು ಬೇಡ, ತುಕ್ಕು ಹಿಡಿಯುತ್ತದೆ.

ಆದರೂ ಶುದ್ಧ ಬಿಳಿಯನ್ನು ನೇರವಾಗಿ ನೇರಳೆಯ ಮೇಲೆ ಬರೆಯುವ ಪದ್ಧತಿಯನ್ನೇ ನಾನು ಒಪ್ಪುವುದಿಲ್ಲ. ಗಾಢವಾದ ನೆಲದ ಮೇಲೆ ಒಂದೇ ಎಳೆತದಲ್ಲಿ ಬಿಳಿ ಕಾಣಿಸಬೇಕೆಂದರೆ ಬಣ್ಣ ದಪ್ಪವಾಗಿರಲೇಬೇಕು, ದಪ್ಪವಾದರೆ ಚೂಪು ಹೋಗುತ್ತದೆ. ಮೊದಲು ನೇರಳೆ ಬೆರೆಸಿದ ನಸು ಬೂದಿಬಣ್ಣದಲ್ಲಿ ಎಲ್ಲ ಮಚ್ಚೆಗಳನ್ನು ಬರೆಯಿರಿ. ಬೂದಿಗೆ ಮುಚ್ಚುವ ಗುಣ ಹೆಚ್ಚು, ಹಾಲಿನಷ್ಟು ತೆಳುವಾಗಿದ್ದರೂ ನಿಲ್ಲುತ್ತದೆ. ಅದು ಒಣಗಿದ ಮೇಲೆ ಪ್ರತಿ ಮಚ್ಚೆಯ ನಡುಭಾಗಕ್ಕೆ ಮಾತ್ರ ದಂತದ ಬಿಳಿ. ಅಂಚಿನಲ್ಲಿ ಉಳಿದ ಬೂದಿಯಿಂದಲೇ ಮಚ್ಚೆ ಬಟ್ಟೆಯೊಳಗೆ ನೇಯ್ದಂತೆ ಕಾಣುತ್ತದೆ. ಶುದ್ಧ ಬಿಳಿಯನ್ನು ಭುಜದ ಮೇಲಿನ ಎರಡು ಮೂರು ಮಚ್ಚೆಗಳಿಗೆ ಮೀಸಲಿಡಿ.

ಚೂಪು ತುದಿ ಬರುವುದು ಬ್ರಷ್ಷಿನ ಸಣ್ಣತನದಿಂದಲ್ಲ, ಎಳೆತದಿಂದ. ಮಚ್ಚೆಯ ಒಂದು ತುದಿಯಲ್ಲಿ ಬ್ರಷ್ ಮುಟ್ಟಿಸಿ, ನಡುವಿನವರೆಗೆ ಒತ್ತುತ್ತಾ ಬಂದು ಎತ್ತಿ. ಇನ್ನೊಂದು ತುದಿಯಿಂದಲೂ ಹಾಗೆಯೇ ನಡುವಿಗೆ ಬನ್ನಿ. ಹಾಗೂ ತುದಿ ಮೊಂಡಾದರೆ ನೇರಳೆಯಿಂದ ಎರಡು ಪಕ್ಕ ಕೊರೆದು ಚೂಪು ಮಾಡಿ. ಒಳ್ಳೆಯ ಪಟ್ಟೆಗಳಲ್ಲಿ ಅರ್ಧ ಕೆಲಸ ಬಿಳಿಯದ್ದು, ಉಳಿದರ್ಧ ನೆಲದ ಬಣ್ಣದ್ದು.

ಬ್ರಷ್ ಮುಟ್ಟಿಸಿದರೂ ಬಣ್ಣ ಇಳಿಯುವುದಿಲ್ಲ

ಕೈಯಲ್ಲಿರುವುದು 5/0 ಬ್ರಷ್ ಎಂದು ಕಣ್ಣು ಮುಚ್ಚಿ ಹೇಳಬಹುದು. ಅಷ್ಟು ಸಣ್ಣ ಬ್ರಷ್‌ಗೆ ಹೊಟ್ಟೆಯೇ ಇಲ್ಲ. ತಟ್ಟೆಯಿಂದ ಗೊಂಬೆಗೆ ಬರುವಷ್ಟರಲ್ಲಿ ತುದಿ ಒಣಗಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕೇಳುವುದೇ ಬೇಡ. ತುದಿ ಚೆನ್ನಾಗಿರುವ 0 ಅಥವಾ 1ನೇ ಸಂಖ್ಯೆಯ ಸೇಬಲ್ (ಪ್ರಾಣಿಯ ಕೂದಲಿನ) ಬ್ರಷ್ ಸಾಕು. ನೈಲಾನ್ ಬ್ರಷ್‌ಗಳ ತುದಿ ಬೇಗ ಕೊಕ್ಕೆಯಂತೆ ಬಾಗುತ್ತದೆ; ಅವನ್ನು ಅಡಿಪದರಕ್ಕೆ ಇಟ್ಟುಕೊಳ್ಳಿ. ಬಣ್ಣ ಒಣಗದಿರಲು ಮುಚ್ಚಳವಿರುವ ಟಿಫಿನ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್ ಹರಡಿ, ಅಲ್ಲಿ ಬಣ್ಣ ಬೆರೆಸಿ. ಮೇಣದ ಕಾಗದ ಬೇಡ, ಅದು ನೀರನ್ನು ಮೇಲಕ್ಕೆ ಬಿಡುವುದಿಲ್ಲ. ತುದಿ ಚೂಪು ಮಾಡಲು ಬ್ರಷ್ಷನ್ನು ಬಾಯಿಗಿಟ್ಟುಕೊಳ್ಳುವವರಿಗೆ ಒಂದು ಮಾತು: ಹಳೆಯ ಲೋಹದ ಗೊಂಬೆಗಳಲ್ಲಿ ಸೀಸವಿರುತ್ತದೆ, ಬಣ್ಣದಲ್ಲಿ ಏನಿದೆಯೋ ಬಾಟಲಿಯೂ ಹೇಳುವುದಿಲ್ಲ.

ಅಡಿಯ ನೇರಳೆ ಎದ್ದು ಬಿಳಿಯೊಡನೆ ಬೆರೆಯುತ್ತದೆ

ಒದ್ದೆ ಹತ್ತಿಯ ಪರೀಕ್ಷೆ ಇದಕ್ಕೇ ಇರುವುದು. ಕಾರಣ ಮೂರರಲ್ಲಿ ಒಂದು. ನೇರಳೆ ಮುಟ್ಟಿದರೆ ಒಣಗಿದೆ, ಒಳಗೆ ಹಸಿಯಾಗಿದೆ: ಮಳೆಗಾಲದಲ್ಲಿ ಮಲೆನಾಡು, ಕರಾವಳಿಗಳಲ್ಲಿ ಒಂದು ದಿನ ಬಿಟ್ಟು ಬರೆಯುವುದು ಕ್ಷೇಮ. ಎರಡನೆಯದು, ಒಂದೇ ಲೇಪದಲ್ಲಿ ನೆರಳು ಬೆಳಕು ಎರಡನ್ನೂ ಕೊಡುವ ಈಚಿನ ತೆಳುಬಣ್ಣಗಳು. ಇವುಗಳಲ್ಲಿ ಕೆಲವು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತವೆ. ಮೇಲೆ ವಾರ್ನಿಷ್ ಹಚ್ಚದೆ ಪಟ್ಟೆ ಬರೆಯುವಂತಿಲ್ಲ. ಮೂರನೆಯದು ಶಾಲೆಯ ಪೋಸ್ಟರ್ ಕಲರ್. ಚೆನ್ನಾಗಿ ಮುಚ್ಚುತ್ತದೆ, ಅಗ್ಗ, ಮನೆಯಲ್ಲೇ ಇರುತ್ತದೆ ಎಂದು ಹಲವರು ಬಿಳಿಗೂ ಅದನ್ನೇ ಬಳಸುತ್ತಾರೆ. ಅದು ಅಂಟಿನ ಬಣ್ಣ, ಎಷ್ಟು ವರ್ಷವಾದರೂ ನೀರಿಗೆ ಕರಗುತ್ತದೆ. ಬಿಳಿಗೆ ಮಾತ್ರ ಅದನ್ನು ಬಳಸಿದ್ದರೆ ಪಟ್ಟೆ ಬರೆಯುವಾಗ ಏನೂ ಆಗುವುದಿಲ್ಲ; ಕೊನೆಗೆ ಬ್ರಷ್ಷಿನಿಂದ ವಾರ್ನಿಷ್ ಹಚ್ಚಿದ ದಿನ ಇಡೀ ಅಂಗಿ ನಸುನೇರಳೆಯಾಗಿ ಎದುರು ನಿಲ್ಲುತ್ತದೆ. ಬಿಳಿ ಜೆಲ್ ಪೆನ್ನಿನ ಕಥೆಯೂ ಇದೇ. ಅಕ್ರಿಲಿಕ್ ಅಲ್ಲದ ಯಾವುದನ್ನೇ ಬಳಸಿದರೂ ವಾರ್ನಿಷ್ ಸ್ಪ್ರೇಯನ್ನೇ, ಅದೂ ಬಹಳ ತೆಳುವಾಗಿ, ಮೊದಲು ಹಾಯಿಸಿ.

ಕೈಯಲ್ಲಿ ಚೆಂದ, ಮೇಜಿನ ಮೇಲಿಟ್ಟರೆ ಬೂದು ಮಸಕು

ಇಲ್ಲಿ ಮೇಲಿನ ಅಳತೆಯ ಲೆಕ್ಕ ಬರುತ್ತದೆ. ಕಾಲು ಮಿ.ಮೀ. ಮಚ್ಚೆಯನ್ನು ನಿಷ್ಠೆಯಿಂದ ಬರೆದವರ ಅಂಗಿ ಒಂದು ಮೀಟರ್ ದೂರಕ್ಕೆ ಪಟ್ಟೆಯಾಗಿ ಉಳಿಯುವುದಿಲ್ಲ, ನೇರಳೆ ಬಿಳಿ ಕಲಸಿಹೋಗುತ್ತವೆ. ಮಚ್ಚೆಯನ್ನು ಎರಡು ಪಟ್ಟು ಹಿಗ್ಗಿಸಿ, ಸಂಖ್ಯೆಯನ್ನು ಇಳಿಸಿ. ಎರಡು ಮಚ್ಚೆಗಳ ನಡುವೆ ಕನಿಷ್ಠ ಒಂದು ಮಚ್ಚೆಯ ಅಗಲದಷ್ಟು ನೇರಳೆ ಬಿಡಿ. ಎದೆಯ ಒಂದು ಬದಿಗೆ ಹತ್ತು ಹನ್ನೆರಡು ಮಚ್ಚೆ ಧಾರಾಳ. ನಿಜಕ್ಕೆ ದ್ರೋಹವಾಯಿತೆಂದು ಕೊರಗಬೇಕಾಗಿಲ್ಲ. ಕಣ್ಣಿಗೆ ಕಾಣದ ನಿಜ ಮೇಜಿನ ಮೇಲೆ ಕೆಲಸಕ್ಕೆ ಬಾರದು.

ಇದೇ ಸಂದರ್ಭದಲ್ಲಿ ಎದುರು ಪಾಳೆಯದ ಬಗ್ಗೆ ಒಂದು ಸೂಚನೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ ಬ್ರಿಟಿಷ್ ಸೇನೆಯ 73 ಮತ್ತು 74ನೇ ಹೈಲ್ಯಾಂಡ್ (ಸ್ಕಾಟ್ಲೆಂಡಿನ) ರೆಜಿಮೆಂಟುಗಳೂ ಇದ್ದವು. ಹೈಲ್ಯಾಂಡ್ ಎಂದ ಕೂಡಲೇ ಸ್ಕಾಟರ ಲಂಗದಂಥ ಚೌಕುಳಿ ಕಿಲ್ಟ್ ಬರೆಯಲು ಕೂರುವವರಿದ್ದಾರೆ. ಭಾರತದ ಸೆಕೆಯಲ್ಲಿ ಈ ರೆಜಿಮೆಂಟುಗಳು ಕಿಲ್ಟ್ ಬಿಟ್ಟು ಬಿಳಿ ಷರಾಯಿಗೆ ಬಂದಿದ್ದವು. ಬರೆಯಬೇಕಾಗಿಯೇ ಇಲ್ಲದ ಚೌಕುಳಿಯ ದೋಷವನ್ನು ನಿವಾರಿಸುತ್ತಾ ಕೂರುವುದೇಕೆ?

ಪಟ್ಟೆ ಬಟ್ಟೆಯ ಮೇಲೆ ಅಂಟಿಸಿದಂತೆ ಚಪ್ಪಟೆಯಾಗಿದೆ

ಎರಡು ಅನುಮಾನ. ಒಂದು, ಮಚ್ಚೆಗಳು ಮಡಿಕೆಯನ್ನು ಲೆಕ್ಕಿಸದೆ ನೆಟ್ಟಗೆ ಓಡಿವೆ. ಮಡಿಕೆಯ ಕಣಿವೆಯೊಳಗೆ ಮಚ್ಚೆ ಕುಗ್ಗಬೇಕು, ಕೆಲವು ಅರ್ಧಕ್ಕೇ ಮಾಯವಾಗಬೇಕು. ಬಾಗಿದ ಮೊಣಕೈಯ ಒಳಗೆ ಒತ್ತೊತ್ತಾಗಬೇಕು. ಬರೆಯುವಾಗ ಅಂಗಿಯ ಮುಂಭಾಗದ ನಡುಗೆರೆಯಿಂದ ಶುರುಮಾಡಿ, ಆಮೇಲೆ ಕೆಳಅಂಚು, ಆಮೇಲೆ ತೋಳು. ಇಟ್ಟಿಗೆ ಗೋಡೆ ಕಟ್ಟುವಂತೆ ಮೇಲಿನ ಸಾಲಿನ ಸಂದಿಗೆ ಕೆಳಸಾಲಿನ ಮಚ್ಚೆ ಬರಬೇಕು. ಕಪ್ಪು ಅಡ್ಡಪಟ್ಟಿಯ ಎರಡು ಬದಿಗೂ ಒಂದೇ ಮಚ್ಚೆ ಮುಂದುವರಿದಂತೆ ಒಂದೆರಡು ಕಡೆ ಬರೆದರೆ ಪಟ್ಟಿ ಅಂಗಿಯ ಮೇಲಿದೆ ಎಂದು ಕಣ್ಣು ನಂಬುತ್ತದೆ.

ಎರಡು, ಪಟ್ಟೆ ಬರೆದ ಮೇಲೆ ಇಡೀ ಅಂಗಿಗೆ ಕಪ್ಪು ವಾಷ್ (ನೆರಳು ಕೊಡಲು ಹಚ್ಚುವ ನೀರಾದ ಬಣ್ಣ) ಸುರಿಯಲಾಗಿದೆ. ಆಗ ಬಿಳಿ ಕೊಳೆಯಾಗುತ್ತದೆ, ನೆರಳು ಮಾತ್ರ ಹೆಚ್ಚುವುದಿಲ್ಲ. ವಾಷ್ ನೇರಳೆಯ ಮೇಲೆ, ಪಟ್ಟೆಗೆ ಮೊದಲು. ಪಟ್ಟೆ ಆದ ಮೇಲೆ ತೀರಾ ನೀರಾದ ಗಾಢ ನೇರಳೆಯನ್ನು ಕಣಿವೆಗಳಲ್ಲಿ ಮಾತ್ರ, ಎರಡು ಸಲ ಎಳೆಯಿರಿ. ಕೊಳೆಯಾಗಿಹೋಗಿದ್ದರೆ ಬೆಳಕು ಬೀಳುವ ಕಡೆಯ ಮಚ್ಚೆಗಳ ನಡುಭಾಗಕ್ಕೆ ದಂತದ ಬಿಳಿಯನ್ನು ಮತ್ತೊಮ್ಮೆ ಇಟ್ಟರೆ ಬಹುಪಾಲು ಸರಿಹೋಗುತ್ತದೆ.

ತಿದ್ದಿದ ಜಾಗ ತೇಪೆಯಾಗಿ ಕಾಣುತ್ತದೆ

ಅಕ್ರಿಲಿಕ್ ಒಣಗುತ್ತಾ ಗಾಢವಾಗುತ್ತದೆ. ಒದ್ದೆಯಾಗಿರುವಾಗ ಹೊಂದಿದ ನೇರಳೆ ಒಣಗಿದ ಮೇಲೆ ಹೊಂದುವುದಿಲ್ಲ. ಇಡೀ ತುಕಡಿಗೆ ಬೇಕಾಗುವಷ್ಟು ನೇರಳೆಯನ್ನು ಮೊದಲೇ ಬೆರೆಸಿ ಖಾಲಿ ಡ್ರಾಪರ್ ಬಾಟಲಿಯಲ್ಲಿ ತುಂಬಿಟ್ಟುಕೊಳ್ಳುವುದೊಂದೇ ದಾರಿ. ತೇಪೆ ಓರೆ ಬೆಳಕಿನಲ್ಲಿ ಮಾತ್ರ ಕಂಡರೆ ಅದು ಬಣ್ಣದ ವ್ಯತ್ಯಾಸವಲ್ಲ, ಹೊಳಪಿನ ವ್ಯತ್ಯಾಸ. ಕೊನೆಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಅದನ್ನು ಮುಚ್ಚುತ್ತದೆ.

ವಾರ್ನಿಷ್ ಆದ ಮೇಲೆ ಮಂಜು

ಮ್ಯಾಟ್ ಸ್ಪ್ರೇಗೆ ತೇವದ ಗಾಳಿ ಆಗದು. ಜುಲೈ ತಿಂಗಳ ಮಂಗಳೂರಿನಲ್ಲಿ ಬಾಲ್ಕನಿಗೆ ಹೋಗಿ ಹೊಡೆದರೆ ನೇರಳೆಯ ಮೇಲೆ ಬೆಳ್ಳನೆಯ ಪೊರೆ ಕಟ್ಟುವುದು ಖಚಿತ. ಡಬ್ಬಿಯನ್ನು ಸಾಕಷ್ಟು ಅಲುಗಿಸದಿದ್ದರೂ ಹೀಗೆ ಆಗುತ್ತದೆ, ಆಗ ಪೊರೆ ಒಂದೇ ಸಮನಾಗಿರದೆ ಚುಕ್ಕೆಚುಕ್ಕೆಯಾಗಿರುತ್ತದೆ. ಹೆದರಿ ಬಣ್ಣ ಕೀಳಬೇಡಿ. ಬ್ರಷ್ಷಿನಿಂದ ಹೊಳಪಿನ ವಾರ್ನಿಷ್ ತೆಳುವಾಗಿ ಹಚ್ಚಿ. ಹೆಚ್ಚಿನ ಸಲ ಪೊರೆ ಪಾರದರ್ಶಕವಾಗಿ ಬಣ್ಣ ಮರಳುತ್ತದೆ. ಒಣಹವೆಯ ದಿನ ನೋಡಿ ಮತ್ತೆ ಮ್ಯಾಟ್ ಹಾಯಿಸಿ, ಅಥವಾ ಮ್ಯಾಟನ್ನೂ ಬ್ರಷ್ಷಿನಿಂದಲೇ ಹಚ್ಚಿ.

ಎಲ್ಲ ಕೀಳಬೇಕಾದದ್ದು ಯಾವಾಗ

ಮುಖದ ಕೆತ್ತನೆ, ಗುಂಡಿ, ಪಟ್ಟಿಗಳ ಅಂಚು ಬಣ್ಣದಡಿ ಹೂತುಹೋಗಿದ್ದರೆ ಮಾತ್ರ. ಲೋಹದ ಗೊಂಬೆಗೆ ಕಂದು ಡೆಟಾಲ್ ಸಾಕು: ನೀರು ಬೆರೆಸದೆ ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಕೈಗವಸು ಹಾಕಿಕೊಂಡು, ಕಿಟಕಿ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೆಟಾಲಿನಲ್ಲೇ ಅದ್ದಿ ತಿಕ್ಕಿ. ಈ ಹಂತದಲ್ಲಿ ನಲ್ಲಿಯ ಕೆಳಗೆ ಹಿಡಿಯಬಾರದು. ನೀರು ತಾಗಿದ ಕೂಡಲೇ ಕಿತ್ತ ಬಣ್ಣ ಅಂಟಂಟಾದ ಮುದ್ದೆಯಾಗಿ ಮತ್ತೆ ಗೊಂಬೆಗೇ ಹತ್ತಿಕೊಳ್ಳುತ್ತದೆ. ಬಣ್ಣ ಪೂರ್ತಿ ಬಿಟ್ಟ ಮೇಲೆ ಇನ್ನೊಂದಿಷ್ಟು ಹೊಸ ಡೆಟಾಲಿನಲ್ಲಿ ಜಾಲಿಸಿ, ಪಾತ್ರೆ ತೊಳೆಯುವ ದ್ರವದಿಂದ ತೊಳೆದು, ಕೊನೆಗೆ ನೀರು. ರೆಸಿನ್ ಮತ್ತು ಪ್ಲಾಸ್ಟಿಕ್ ಗೊಂಬೆಗಳಾದರೆ ತಳದ ಒಂದು ಮೂಲೆಯಲ್ಲಿ ಮೊದಲು ಪ್ರಯತ್ನಿಸಿ, ಮೆತ್ತಗಾಗದಿದ್ದರೆ ಮಾತ್ರ ಮುಂದುವರಿಯಿರಿ. ಮರುದಿನ ಪ್ರೈಮರ್ ಹೊಡೆದು ಒಣಗಿದ ಮೇಲೆ, ನೇರಳೆ ಬಳಿಯುವ ಮೊದಲು, ಓರೆ ಬೆಳಕಿನಲ್ಲಿ ಎರಡೂ ತೋಳುಗಳನ್ನು ನೋಡಿ.